ಕಾಲೇಜಿನ ಹೆಸರು ಯಾರಿಗೆ ಹೆಚ್ಚು ಬೇಕು

ಕೇಳುಗರಿಗೆ ನಮಸ್ಕಾರ.

ಸಿಇಟಿ ರ‍್ಯಾಂಕ್ ಬಂದು, ಬೇಕಾದ ಕಾಲೇಜುಗಳ ಪಟ್ಟಿ ಕೊಡುವ ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನಿದ್ದೆ ಇರುವುದಿಲ್ಲ. ಯಾವ ಕಾಲೇಜು ಮೊದಲು, ಯಾವುದು ಆಮೇಲೆ, ಪ್ರಾಯೋಗಿಕ ಸೀಟು ಹಂಚಿಕೆಯಾದ ಮಾಕ್ ಅಲಾಟ್‌ಮೆಂಟಿನಲ್ಲಿ ಬಂದದ್ದು ಕೊನೆಗೂ ಉಳಿಯುತ್ತದೆಯೇ, ಆ ಒಂದು ಕಾಲೇಜು ತಪ್ಪಿದರೆ ಮಗುವಿನ ಭವಿಷ್ಯದ ಗತಿಯೇನು, ಇದೇ ಮಾತು. ಡಿಗ್ರಿ ಕಾಲೇಜಿನಲ್ಲಿ ಬಹಳ ಕಾಲ ಭೌತಶಾಸ್ತ್ರ ಪಾಠ ಮಾಡಿದವಳು ನಾನು. ಈ ಆತಂಕ ಇರಬೇಕಾದ ಮನೆಗಳಲ್ಲಿ ಕಡಿಮೆ, ಅಷ್ಟಾಗಿ ಬೇಡದ ಮನೆಗಳಲ್ಲಿ ವಿಪರೀತ ಎಂದು ನನಗೆ ಮತ್ತೆ ಮತ್ತೆ ಅನ್ನಿಸಿದೆ.

ಅಮೆರಿಕದಲ್ಲಿ ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಸಂಶೋಧಕರು 1976ರಲ್ಲಿ ಕಾಲೇಜು ಸೇರಿದವರ ಮುಂದಿನ ಸಂಪಾದನೆಯನ್ನು ಪರಿಶೀಲಿಸಿ, 2002ರಲ್ಲಿ ಪ್ರಕಟಿಸಿದರು. ದೊಡ್ಡ ಹೆಸರಿನ ಕಾಲೇಜಿನಲ್ಲಿ ಓದಿದವರು ಹೆಚ್ಚು ಗಳಿಸುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಆ ಗಳಿಕೆ ಕಾಲೇಜು ಕೊಟ್ಟದ್ದೋ, ಓದಿದವರ ಸ್ವಂತ ಬುದ್ಧಿಯದೋ? ಇದನ್ನು ತಿಳಿಯಲು ಅವರು ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕಿಯೂ ಬೇರೆಬೇರೆ ಕಡೆ ಸೇರಿದವರನ್ನು ಹೋಲಿಸಿ ನೋಡಿದರು. ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಡ ಮನೆಯ ಮಕ್ಕಳಲ್ಲಿ ಮಾತ್ರ ಕಂಡಿತು. ಇದೇ ಇಬ್ಬರ ಮುಂದಿನ ಅಧ್ಯಯನದಲ್ಲೂ, ತಂದೆತಾಯಿ ಹೆಚ್ಚು ಓದಿರದ ಮಕ್ಕಳಿಗೆ ಒಳ್ಳೆಯ ಕಾಲೇಜಿನಿಂದ ಲಾಭವಾದದ್ದು ಕಂಡಿತು. 2023ರಲ್ಲಿ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು ಹಾರ್ವರ್ಡ್‌ನಂಥ 12 ಕಾಲೇಜುಗಳ ಬಗ್ಗೆ ಇದೇ ಪ್ರಶ್ನೆ ಕೇಳಿದರು. ಅತಿ ಹೆಚ್ಚು ಗಳಿಸುವ ಶೇಕಡಾ 1ರಷ್ಟು ಜನರಲ್ಲಿ ಒಬ್ಬರಾಗಲು ಅಂಥ ಕಾಲೇಜು ನೆರವಾಗುತ್ತದೆ, ಸರಾಸರಿ ಗಳಿಕೆಯನ್ನು ಅದು ಅಷ್ಟೇನೂ ಬದಲಿಸುವುದಿಲ್ಲ ಎಂದು ಅವರು ಕಂಡುಕೊಂಡರು.

ಇನ್ನು ನಮ್ಮಲ್ಲಿಗೆ ಬರೋಣ. 1998ರಲ್ಲಿ ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಬಂದ ಮೇಲೆ ಅದರ ಕೆಳಗಿನ ಇಂಜಿನಿಯರಿಂಗ್ ಕಾಲೇಜುಗಳಲ್ಲಿ, ಸ್ವಾಯತ್ತ ಕಾಲೇಜುಗಳನ್ನು ಬಿಟ್ಟರೆ, ಪಠ್ಯವೂ ಒಂದೇ, ಪ್ರಶ್ನೆಪತ್ರಿಕೆಯೂ ಒಂದೇ. ಹಾಗಾದರೆ ಒಂದು ಕಾಲೇಜಿಗೂ ಇನ್ನೊಂದಕ್ಕೂ ಏನು ವ್ಯತ್ಯಾಸ? ಕ್ಯಾಂಪಸ್ಸಿಗೆ ಯಾವ ಕಂಪನಿಗಳು ಬರುತ್ತವೆ, ಸೀನಿಯರ್‌ಗಳು ಎಲ್ಲೆಲ್ಲಿದ್ದಾರೆ, ಪಕ್ಕದ ಬೆಂಚಿನಲ್ಲಿ ಯಾರು ಕೂತಿದ್ದಾರೆ, ಕಾಯಂ ಮೇಷ್ಟ್ರುಗಳು ಇದ್ದಾರೋ ಅಥವಾ ಅತಿಥಿ ಉಪನ್ಯಾಸಕರ ನೇಮಕಕ್ಕೆ ತಿಂಗಳುಗಟ್ಟಲೆ ಕಾಯಬೇಕೋ. ವ್ಯತ್ಯಾಸವೆಲ್ಲ ಇಲ್ಲಿದೆ.

ಇವುಗಳಲ್ಲಿ ಹೆಚ್ಚಿನವು ಜಯನಗರದ ಇಂಜಿನಿಯರ್ ದಂಪತಿಯ ಮಗನಿಗೆ ಮನೆಯಲ್ಲೇ ಸಿಗುತ್ತವೆ. ಚಿಕ್ಕಪ್ಪ ಒಂದು ಕಂಪನಿ, ಅತ್ತೆ ಇನ್ನೊಂದು ಕಂಪನಿ. ರೆಸ್ಯೂಮೆ ತಿದ್ದಿಕೊಡಲು ಅಪ್ಪನೇ ಇದ್ದಾರೆ. ಆ ಮಗನಿಗಾಗಿ ಸೈಟು ಮಾರಿ ಮ್ಯಾನೇಜ್‌ಮೆಂಟ್ ಸೀಟು ಕೊಳ್ಳುವ ಅಗತ್ಯ ನನಗಂತೂ ಕಾಣುವುದಿಲ್ಲ.

ಪಾವಗಡದ ಕಡೆಯಿಂದ ಒಬ್ಬಳು ಹುಡುಗಿ ನನ್ನ ತರಗತಿಗೆ ಬಂದಿದ್ದಳು. ಅವಳ ಮನೆಯಲ್ಲಿ ಪಿಯುಸಿ ದಾಟಿದವಳು ಅವಳೇ ಮೊದಲು. ಲೆಕ್ಕದಲ್ಲಿ ಬಲು ಚುರುಕು. ವಿಜ್ಞಾನ ಅಕಾಡೆಮಿಗಳು ಬೇಸಿಗೆಯಲ್ಲಿ ಸಂಶೋಧನಾ ಫೆಲೋಶಿಪ್ ಕೊಡುತ್ತವೆ, ಬಿ.ಎಸ್ಸಿ. ಮುಗಿಸಿದವರು ಜ್ಯಾಮ್ ಪರೀಕ್ಷೆ ಬರೆದು ಐಐಟಿಯಲ್ಲೇ ಎಂ.ಎಸ್ಸಿ. ಮಾಡಬಹುದು ಎಂಬುದು ಅವಳಿಗೆ ಗೊತ್ತಾದದ್ದು ಲ್ಯಾಬ್‌ನಲ್ಲಿ ಜೊತೆಗಿದ್ದ ಗೆಳತಿಯಿಂದ. ಆ ಗೆಳತಿಯ ತಂದೆ ವಿಜ್ಞಾನಿ. ಊರ ಹತ್ತಿರದ ಕಾಲೇಜಿನಲ್ಲಿ ಇವಳಿಗೆ ಅದೇ ಪಠ್ಯಪುಸ್ತಕ ಸಿಗುತ್ತಿತ್ತು, ಆ ಗೆಳತಿ ಸಿಗುತ್ತಿರಲಿಲ್ಲ.

ದೊಡ್ಡವರ ಉದಾಹರಣೆ ಕೊಟ್ಟು ಕಾಲೇಜು ಯಾವುದಾದರೇನು ಎನ್ನುವವರಿದ್ದಾರೆ. ಇಸ್ರೋ ಅಧ್ಯಕ್ಷರಾಗಿದ್ದ ಯು.ಆರ್. ರಾವ್ ಅವರು ಬಿ.ಎಸ್ಸಿ. ಓದಿದ್ದು ಅನಂತಪುರದ ಸರ್ಕಾರಿ ಕಾಲೇಜಿನಲ್ಲಿ, ಇನ್ಫೋಸಿಸ್ಸಿನ ನಾರಾಯಣಮೂರ್ತಿಯವರು ಬಿ.ಇ. ಮಾಡಿದ್ದು ಮೈಸೂರಿನ ಎನ್‌ಐಇಯಲ್ಲಿ. ನಿಜ. ಆದರೆ ರಾವ್ ಅವರು ಆಮೇಲೆ ಬನಾರಸ್ಸಿಗೆ ಹೋದರು, ವಿಕ್ರಂ ಸಾರಾಭಾಯಿಯವರ ಬಳಿ ಪಿಎಚ್.ಡಿ. ಮಾಡಿದರು, ಮೂರ್ತಿಯವರು ಐಐಟಿ ಕಾನ್ಪುರಕ್ಕೆ ಹೋದರು. ಮೊದಲ ಪದವಿಯ ನಂತರವೂ ಬಾಗಿಲು ತೆರೆದಿರುತ್ತದೆ ಎಂಬುದಕ್ಕೆ ಇವು ಸಾಕ್ಷಿ. ಆ ಬಾಗಿಲು ಇದೆ ಎಂದೇ ತಿಳಿಯದೆ ಊರಲ್ಲಿ ಉಳಿದುಹೋದ ಜಾಣರ ಹೆಸರುಗಳನ್ನು ಯಾರೂ ಬರೆದಿಟ್ಟಿಲ್ಲ.

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಎಚ್. ನರಸಿಂಹಯ್ಯನವರು ಬೆಂಗಳೂರಿಗೆ ನಡೆದೇ ಬಂದರು, ಬಸವನಗುಡಿಯ ನ್ಯಾಷನಲ್ ಹೈಸ್ಕೂಲಿನಲ್ಲಿ ಓದಲು. ಸೆಂಟ್ರಲ್ ಕಾಲೇಜು, ಓಹಿಯೋದಲ್ಲಿ ಡಾಕ್ಟರೇಟು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಸ್ಥಾನ, ಎಲ್ಲ ಆ ನಡಿಗೆಯ ನಂತರ ಬಂದದ್ದು. ಅಷ್ಟೆಲ್ಲ ಆದ ಮೇಲೂ ಅವರು ಕೊನೆಯವರೆಗೆ ಇದ್ದದ್ದು ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ. ಹಳ್ಳಿಯ ಮಗುವಿಗೆ ಪಟ್ಟಣದಲ್ಲಿ ಒಂದು ಮಂಚ, ಎರಡು ಹೊತ್ತು ಊಟ ಸಿಗುವುದು ಎಂಥ ದೊಡ್ಡ ಸಂಗತಿ ಎಂದು ಅವರಷ್ಟು ಬಲ್ಲವರು ಕಡಿಮೆ.

ಆದ್ದರಿಂದ ಈ ಮಾತು ಮನೆಯ ಮೊದಲ ಪದವೀಧರರಾಗಲಿರುವ ಮಕ್ಕಳ ಅಪ್ಪ ಅಮ್ಮಂದಿರಿಗೆ, ಅದರಲ್ಲೂ ಹೆಣ್ಣುಮಕ್ಕಳ ಅಪ್ಪಂದಿರಿಗೆ. ಮೆರಿಟ್ಟಿನಲ್ಲಿ ಬೆಂಗಳೂರಿನ ಒಳ್ಳೆಯ ಕಾಲೇಜು ಸಿಗುವಂತಿದ್ದರೆ, ದೂರ ಎಂದು ಅದನ್ನು ಪಟ್ಟಿಯಿಂದ ತೆಗೆಯಬೇಡಿ, ಮೇಲೆಯೇ ಇಡಿ. ಮೊದಲ ಸುತ್ತಿನಲ್ಲಿ ಸಿಕ್ಕ ಸೀಟು ಇಟ್ಟುಕೊಂಡೇ ಮುಂದಿನ ಸುತ್ತಿಗೆ ಕಾಯಲು ‘ಚಾಯ್ಸ್ ಎರಡು’ ಎಂಬ ಆಯ್ಕೆ ಇದೆ. ತುಮಕೂರು, ರಾಮನಗರದಂಥ ಹತ್ತಿರದ ಊರುಗಳಿಂದ ದಿನವೂ ಓಡಾಡುವ ಹುಡುಗಿಯರಿಗೆ ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ 2023ರ ಜೂನ್‌ನಿಂದ ಟಿಕೆಟ್ಟಿನ ಖರ್ಚಿಲ್ಲ. ದೂರದವರು ಸರ್ಕಾರಿ ಹಾಸ್ಟೆಲಿಗೆ ಅರ್ಜಿ ಹಾಕಿ. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಯೋಜನೆಯಡಿ ಊಟ, ವಸತಿಗೆ ನೆರವಿದೆ. ಮನೆಯಲ್ಲೇ ಕೂತು ಲೆಕ್ಕ ಹಾಕಿ ಆಗುವುದಿಲ್ಲ ಎನ್ನುವ ಮೊದಲು ತಾಲ್ಲೂಕಿನ ಹಿಂದುಳಿದ ವರ್ಗಗಳ ಕಲ್ಯಾಣ ಇಲಾಖೆಯ ಕಚೇರಿಗೆ, ಸಮಾಜ ಕಲ್ಯಾಣ ಇಲಾಖೆಗೆ ಒಮ್ಮೆ ಹೋಗಿ ಕೇಳಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ. ಅರ್ಜಿ ತುಂಬುವುದು ಅವಳಿಗೆ ನಮಗಿಂತ ಚೆನ್ನಾಗಿ ಬರುತ್ತದೆ.

ನಮಸ್ಕಾರ.