15 ಗುಂಡು, 6 ಜಾಗ: ರೆಸಿಡೆಂಟ್ ಈವಿಲ್ ಬಂಗಲೆಯಲ್ಲಿ ಉಳಿಯುವ ಲೆಕ್ಕ

[ದೃಶ್ಯ: ಕಿರಿದಾದ ಕಾರಿಡಾರ್. ಹೆಜ್ಜೆ ಸದ್ದು ಮಾತ್ರ. ತಿರುವಿನಲ್ಲಿ ಬಗ್ಗಿ ಕೂತ ಆಕೃತಿ.]

ನೋಡಿ, ಅಲ್ಲಿ ಯಾರೋ ಬಗ್ಗಿ ಕೂತಿದ್ದಾರೆ. ಏನನ್ನೋ ತಿಂತಿದ್ದಾರೆ. ಹತ್ತಿರ ಹೋದ್ರೆ ನಿಧಾನಕ್ಕೆ ತಲೆ ತಿರುಗಿಸಿ ನಮ್ಮ ಕಡೆ ನೋಡುತ್ತೆ. ಎದ್ದು ನಿಲ್ಲುತ್ತೆ. ಈಗ ಏನ್ ಮಾಡ್ತೀರಿ?

ಹತ್ತರಲ್ಲಿ ಒಂಬತ್ತು ಜನ ಗನ್ ಎತ್ತಿ ಹೊಡೀತೀವಿ. ನಾನೂ ಹಾಗೇ ಮಾಡಿದ್ದೆ. ಆದ್ರೆ ಈ ವಿಡಿಯೋ ಗೇಮಿನಲ್ಲಿ ನಾವು ಆಡಬಹುದಾದ ಇಬ್ಬರಲ್ಲಿ ಒಬ್ಬಳಾದ ಜಿಲ್ ಪಾತ್ರದಲ್ಲಿ ನೀವು ಆಡ್ತಿದ್ರೆ, ಒಂದೂ ಗುಂಡು ಹಾರಿಸದೆ ಬಂದ ದಾರಿಯಲ್ಲೇ ವಾಪಸ್ ಓಡಿ ಊಟದ ಕೋಣೆ ಸೇರ್ಕೊಳ್ಳಿ.

[ದೃಶ್ಯ: ಊಟದ ಕೋಣೆ. ಬ್ಯಾರಿ ಮ್ಯಾಗ್ನಮ್ ಎತ್ತುತ್ತಾನೆ.]

ಅಲ್ಲಿ ಜಿಲ್‌ಳ ಜೊತೆಗಾರ ಬ್ಯಾರಿ ಇದ್ದಾನೆ. ಹಿಂದೆ ಬಂದ ಝಾಂಬಿಯನ್ನ ಅವನೇ ತನ್ನ ಮ್ಯಾಗ್ನಮ್‌ನಿಂದ ಹೊಡೆದು ಕೆಡವ್ತಾನೆ. ನಿಮ್ಮ ಗುಂಡು ಹಾಗೇ ಉಳೀತು. ಆಟ ಶುರುವಾಗಿ ಐದು ನಿಮಿಷಕ್ಕೇ ಓಡಿಹೋದವರಿಗೆ ಇಲ್ಲಿ ಲಾಭ ಸಿಗುತ್ತೆ, ಆದ್ರೆ ಹಾಗಂತ ಆಟ ಎಲ್ಲೂ ಬಾಯ್ಬಿಟ್ಟು ಹೇಳಲ್ಲ.

ನಮಸ್ಕಾರ. ಇವತ್ತಿನ ವಿಷಯ ರೆಸಿಡೆಂಟ್ ಈವಿಲ್. ಕ್ಯಾಪ್‌ಕಾಮ್ ಕಂಪನಿ 1996ರಲ್ಲಿ ಪ್ಲೇಸ್ಟೇಷನ್‌ಗೆ ತಂದ ಆಟ, ನಿರ್ದೇಶಕ ಶಿಂಜಿ ಮಿಕಾಮಿ. ಜಪಾನಿನಲ್ಲಿ ಇದರ ಹೆಸರು ಬಯೋಹಜಾರ್ಡ್. 'ಸರ್ವೈವಲ್ ಹಾರರ್', ಅಂದ್ರೆ ಭಯದ ನಡುವೆ ಬದುಕಿ ಉಳಿಯೋ ಆಟ ಅನ್ನೋ ಮಾತು ಜನರ ಬಾಯಿಗೆ ಬಂದಿದ್ದೇ ಇದರಿಂದ. 2002ರಲ್ಲಿ ಮಿಕಾಮಿಯವರೇ ಇದನ್ನ ಗೇಮ್‌ಕ್ಯೂಬ್‌ಗೆ ಹೊಸದಾಗಿ ಕಟ್ಟಿದ್ರು. ಅದರ ಎಚ್‌ಡಿ ಆವೃತ್ತಿ 2015ರಲ್ಲಿ ಬಂತು, ಈಗ ನಮ್ಮ ಕೈಗೆ ಸುಲಭವಾಗಿ ಸಿಗೋದು ಅದೇ. ನಾನು ಮಾತಾಡೋದೂ ಅದರ ಬಗ್ಗೆನೇ.

[ದೃಶ್ಯ: ಇನ್ವೆಂಟರಿ ಪರದೆ. ಕ್ರಿಸ್‌ನ 6 ಚೌಕಗಳು.]

ಮೊದಲು ಜೇಬು ನೋಡೋಣ. ಆಡೋಕೆ ಸಿಗೋ ಇನ್ನೊಬ್ಬ ಕ್ರಿಸ್ ಆದ್ರೆ 6 ಜಾಗ, ಜಿಲ್ ಆದ್ರೆ 8. ಕ್ರಿಸ್‌ನದ್ದೇ ಲೆಕ್ಕ ಹಾಕಿ. ಹ್ಯಾಂಡ್‌ಗನ್ ಒಂದು, ಅದರ ಗುಂಡು ಒಂದು, ಗಾಯಕ್ಕೆ ಮೂಲಿಕೆ ಒಂದು, ಸೇವ್ ಮಾಡೋಕೆ ಇಂಕ್ ರಿಬ್ಬನ್ ಒಂದು. ನಾಲ್ಕು ಹೋಯ್ತು. ಉಳಿದಿದ್ದು ಎರಡು. ಒಂದರಲ್ಲಿ ಬೀಗದ ಕೈ ಬಂತು, ಇನ್ನೊಂದರಲ್ಲಿ ಯಾವುದೋ ಲಾಂಛನ ಬಂತು. ಮುಂದಿನ ಕೋಣೆಯಲ್ಲಿ ಶಾಟ್‌ಗನ್ ಗುಂಡಿನ ಡಬ್ಬಿ ಕಣ್ಣೆದುರಿಗೇ ಇದೆ, ಎತ್ಕೊಳ್ಳೋಕೆ ಜಾಗ ಇಲ್ಲ. ಹಾಗಾಗಿ ಸೇಫ್ ರೂಮಿನಲ್ಲಿ ಸಾಮಾನು ಇಡೋ ಪೆಟ್ಟಿಗೆಗೆ ವಾಪಸ್ ನಡೀಬೇಕು. ಅಂದ್ರೆ ಅದೇ ಕಾರಿಡಾರು, ಅದೇ ಝಾಂಬಿ, ಇನ್ನೂ ಎರಡು ಸಲ.

ಈ ಆಟದಲ್ಲಿ ನಿಜವಾಗಿ ಖರ್ಚಾಗೋದು ಓಡಾಟ, ಇದನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ತುಂಬಾ ದಿನ ಬೇಕಾಯ್ತು. ಒಂದು ದಾರಿಯಲ್ಲಿ ನೀವು ಎಷ್ಟು ಸಲ ಓಡಾಡ್ತೀರಿ ಅನ್ನೋದರ ಮೇಲೆ ಆ ದಾರಿಯಲ್ಲಿ ಗುಂಡು ಹಾರಿಸಬೇಕೋ ಬೇಡವೋ ಅಂತ ತೀರ್ಮಾನ ಆಗುತ್ತೆ. ಒಂದೇ ಸಲ ಹೋಗಿ ಬರೋ ಕೋಣೆಯಲ್ಲಿ ಝಾಂಬಿ ಇದ್ರೆ ಇರಲಿ ಬಿಡಿ, ಅದು ನಿಮ್ಮ ಶತ್ರು ಅಲ್ಲ. ಆದ್ರೆ ಸೇಫ್ ರೂಮಿಗೂ ಮುಖ್ಯ ಹಾಲಿಗೂ ನಡುವಿನ ದಾರಿ ಇದೆಯಲ್ಲ, ಅಲ್ಲಿ ಒಂದು ಝಾಂಬಿ ನಿಂತಿದ್ರೆ ಅದು ಪ್ರತಿ ಸಲ ನಿಮ್ಮಿಂದ ಸುಂಕ ವಸೂಲಿ ಮಾಡುತ್ತೆ. ಅದನ್ನ ಮುಗಿಸ್ಲೇಬೇಕು.

[ದೃಶ್ಯ: ಮ್ಯಾಪ್. ಒಂದೇ ಕಾರಿಡಾರಿನ ಮೇಲೆ ಕೆಂಪು ಗೆರೆ ಮತ್ತೆ ಮತ್ತೆ ಎಳೆಯಲಾಗುತ್ತದೆ.]

ಹೊಡೀಬೇಕು ಅಂತ ನಿರ್ಧರಿಸಿದ್ರಿ ಅಂದ್ಕೊಳ್ಳಿ. ಹ್ಯಾಂಡ್‌ಗನ್‌ನಲ್ಲಿ ಹಿಡಿಯೋದು 15 ಗುಂಡು. ಒಂದು ಝಾಂಬಿ ಬೀಳೋಕೆ ಐದಾರು ಬೇಕಾಗಬಹುದು, ಅದಕ್ಕಿಂತ ಹೆಚ್ಚೂ ಬೇಕಾಗಬಹುದು. ಅದೃಷ್ಟ ಇದ್ರೆ ತಲೆ ಒಂದೇ ಏಟಿಗೆ ಹಾರುತ್ತೆ, ಅದೃಷ್ಟ ನಂಬ್ಕೊಂಡು ಲೆಕ್ಕ ಹಾಕೋಕಾಗಲ್ಲ. ಸರಿ, ಬಿತ್ತು. ರಕ್ತ ಹರೀತು. ಕೆಲಸ ಮುಗೀತು ಅಂತ ಉಸಿರು ಬಿಡ್ತೀರಿ.

ಮುಗಿದಿಲ್ಲ.

[ದೃಶ್ಯ: ನೆಲದ ಮೇಲಿನ ಹೆಣದ ಬೆರಳು ಅಲುಗುತ್ತದೆ.]

2002ರ ಆವೃತ್ತಿಯಲ್ಲಿ ಮಿಕಾಮಿ ತಂಡ ಸೇರಿಸಿದ ಈ ಒಂದು ನಿಯಮ ನನ್ನ ಪ್ರಕಾರ ಹಾರರ್ ಆಟಗಳಲ್ಲೇ ಅತ್ಯಂತ ಜಾಣತನದ ನಿಯಮ. ತಲೆ ಹಾರದೆ, ಸುಡದೆ ಬಿಟ್ಟ ಹೆಣ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಏಳುತ್ತೆ. ಕ್ರಿಮ್ಸನ್ ಹೆಡ್ ಅಂತಾರೆ. ಮೈಯೆಲ್ಲ ಕೆಂಪು, ಕೈಯಲ್ಲಿ ಉಗುರು, ಮತ್ತೆ ಇದು ಝಾಂಬಿ ಥರ ತೆವಳಲ್ಲ. ಓಡಿ ಬರುತ್ತೆ.

ಅದನ್ನ ತಡೆಯೋಕೆ ಸೀಮೆಎಣ್ಣೆ ಇದೆ. ಸಣ್ಣ ಕ್ಯಾನಿನಲ್ಲಿ ತುಂಬ್ಕೊಂಡು, ಹೆಣದ ಮೇಲೆ ಸುರಿದು, ಲೈಟರ್‌ನಿಂದ ಬೆಂಕಿ ಹಚ್ಚಬೇಕು. ಕ್ಯಾನ್ ತುಂಬಿಸಿದ್ರೆ ಎರಡು ಹೆಣಕ್ಕೆ ಮಾತ್ರ ಸಾಕು. ಬಂಗಲೆಯಲ್ಲಿ ಎಣ್ಣೆ ಇಟ್ಟಿರೋದು ಕೆಲವೇ ಕಡೆ, ಅದೂ ಖಾಲಿಯಾಗುತ್ತೆ. ಕ್ಯಾನಿಗೆ ಜೇಬಲ್ಲಿ ಒಂದು ಜಾಗ ಬೇಕು. ಕ್ರಿಸ್‌ಗೆ ಲೈಟರ್ ಬೇರೆಯಾಗಿ ಕೊಟ್ಟಿದ್ದಾರೆ, ಜಿಲ್‌ಗೆ ಅದಕ್ಕೂ ಒಂದು ಜಾಗ ಹೋಗುತ್ತೆ.

ನನ್ನ ಮೊದಲ ಆಟದಲ್ಲಿ ನಾನು ಎದುರಿಗೆ ಸಿಕ್ಕಿದ್ದನ್ನೆಲ್ಲ ಹೊಡೆದು ಹಾಕಿದ್ದೆ. ರಾತ್ರಿ ಎರಡು ಗಂಟೆ ಆಗಿತ್ತು. ಹ್ಯಾಂಡ್‌ಗನ್ನಿನಲ್ಲಿ ನಾಲ್ಕು ಗುಂಡು, ಹಸಿರು ಮೂಲಿಕೆ ಒಂದು. ಅದೇ ಸ್ಥಿತಿಯಲ್ಲಿ ಸೇವ್ ಮಾಡಿ ಮಲಗಿದೆ. ಮರುದಿನ ಬಂದು ನೋಡಿದ್ರೆ, ನಾನು ಕೆಡವಿದ ಹೆಣಗಳು ಒಂದೊಂದಾಗಿ ಏಳ್ತಿದ್ವು, ಎಲ್ಲ ನನಗೆ ದಿನಾ ಬೇಕಾಗೋ ದಾರಿಗಳಲ್ಲೇ. ಇದ್ದಿದ್ದು ಒಂದೇ ಸೇವ್. ಅಷ್ಟೂ ಆಟವನ್ನ ಬಿಟ್ಟು ಮೊದಲಿಂದ ಶುರು ಮಾಡಿದೆ. ಆವತ್ತಿಂದ ಎರಡು ಸೇವ್ ಇಟ್ಕೋತೀನಿ, ಹಳೇದರ ಮೇಲೆ ಹೊಸದನ್ನ ಬರೆಯಲ್ಲ. ನೀವೂ ದಯವಿಟ್ಟು ಹಾಗೇ ಮಾಡಿ.

[ದೃಶ್ಯ: ಝಾಂಬಿ ಎದುರಿಗೆ ನಿಂತ ಜಿಲ್. ನಿಧಾನಗತಿ.]

ಹಾಗಾದ್ರೆ ಹೊಡೀದೆ ದಾಟೋದು ಹೇಗೆ? ಇಲ್ಲಿ ಸ್ವಲ್ಪ ಗಮನ ಕೊಡಿ, ಪದೇ ಪದೇ ನೋಡಬೇಕಾದ ಭಾಗ ಇದು. ಝಾಂಬಿ ಕಂಡ ತಕ್ಷಣ ಪಕ್ಕಕ್ಕೆ ನುಗ್ಗಬೇಡಿ. ಗೋಡೆಯ ಒಂದು ಬದಿಗೆ ಅಂಟ್ಕೊಂಡು ನಿಲ್ಲಿ. ಅದು ನಿಮ್ಮ ಕಡೆಗೇ ವಾಲುತ್ತೆ, ಆ ಬದಿಗೇ ಬರುತ್ತೆ. ಬರಲಿ. ಕೈ ಚಾಚೋಕೆ ಇನ್ನೊಂದು ಹೆಜ್ಜೆ ಇದೆ ಅನ್ನುವಾಗ ಎದುರಿನ ಬದಿಗೆ ತಿರುಗಿ ಓಡಿ. ಅಗಲವಾದ ಕೋಣೆಯಲ್ಲಿ ನಡುವೆ ಮೇಜಿದ್ರೆ ಇನ್ನೂ ಸುಲಭ, ಮೇಜಿನ ಸುತ್ತ ಒಂದು ಸುತ್ತು ಹಾಕಿಸಿ ಬಾಗಿಲು ಸೇರ್ಕೊಳ್ಳಬಹುದು. ತಪ್ಪಿ ಸಿಕ್ಕಿಬಿದ್ರೆ ಕಠಾರಿ ಇದೆ. ಹಿಡಿದಾಗ ಅದರ ತಲೆಗೆ ಚುಚ್ಚಿ ಬಿಡಿಸ್ಕೊಳ್ಳಬಹುದು. ಕಠಾರಿ ಹೋಗುತ್ತೆ, ಜೀವ ಉಳಿಯುತ್ತೆ. ಅದಕ್ಕೆ ಬೇರೆ ಜಾಗ ಇರೋದರಿಂದ ಜೇಬು ತುಂಬಲ್ಲ. ಕಂಡಲ್ಲೆಲ್ಲ ಎತ್ಕೊಳ್ಳಿ.

ಇನ್ನು ಶಾಟ್‌ಗನ್. ಅದನ್ನ ಝಾಂಬಿಗೆ ಬಳಸೋದಾದ್ರೆ ತೀರಾ ಹತ್ತಿರ ಬರೋತನಕ ಕಾಯಿರಿ, ಗುರಿ ಮೇಲಕ್ಕೆತ್ತಿ ಒಂದೇ ಸಲ ಹೊಡೀರಿ. ತಲೆ ಹಾರಿತು ಅಂದ್ರೆ ಅದು ಮತ್ತೆ ಏಳಲ್ಲ. ಹ್ಯಾಂಡ್‌ಗನ್ನಿನ ಐದಾರು ಗುಂಡು, ಅದರ ಮೇಲೆ ಸೀಮೆಎಣ್ಣೆ, ಇಷ್ಟರ ಬದಲು ಶಾಟ್‌ಗನ್ನಿನ ಒಂದೇ ಗುಂಡು. ಹಾಗಾಗಿ ಲೆಕ್ಕ ಹಾಕಿದ್ರೆ, ಮೊದಲ ದಿನ ದುಬಾರಿ ಅನ್ಸಿದ್ದು ಅಗ್ಗ ಆಗುತ್ತೆ. ಆದ್ರೆ ಕಾಯೋ ಧೈರ್ಯ ಬೇಕು. ಕೈ ನಡುಗುತ್ತೆ, ನಿಜ.

ಮೂಲಿಕೆ ವಿಷಯ ಬೇಗ ಹೇಳ್ತೀನಿ. ಹಸಿರು ಗಾಯಕ್ಕೆ, ನೀಲಿ ವಿಷಕ್ಕೆ. ಕೆಂಪು ಒಂಟಿಯಾಗಿ ಏನೂ ಮಾಡಲ್ಲ, ಹಸಿರಿನ ಜೊತೆ ಬೆರೆಸಿದ್ರೆ ಪೂರ್ತಿ ಗುಣ. ಬೆರೆಸಿದಾಗ ಎರಡು ಜಾಗದ್ದು ಒಂದಾಗುತ್ತೆ ಅನ್ನೋದೂ ನೆನಪಿರಲಿ. ಪರದೆಯಲ್ಲಿ 'ಕಾಷನ್' ಅನ್ನೋ ಗಾಯದ ಎಚ್ಚರಿಕೆ ಕಂಡ ಕೂಡಲೇ ಮೂಲಿಕೆ ತಿನ್ನಬೇಡಿ. ನಮ್ಮ ಮನೆಗಳಲ್ಲಿ ತಿಂಗಳ ಕೊನೇ ವಾರ ಅಮ್ಮ ಎಣ್ಣೆ ಡಬ್ಬಿ ಅಲ್ಲಾಡಿಸಿ ನೋಡಿ, ಇವತ್ತು ಒಗ್ಗರಣೆ ಸಾಕು, ಹಪ್ಪಳ ಬೇಡ ಅಂತ ತೀರ್ಮಾನ ಮಾಡ್ತಾರಲ್ಲ, ಇಲ್ಲಿ ಬೇಕಾಗಿರೋದು ಅದೇ ಕಣ್ಣು.

ರಿಬ್ಬನ್‌ಗೂ ಅದೇ. ಒಂದು ಸೇವ್‌ಗೆ ಒಂದು ರಿಬ್ಬನ್. ಗಡಿಯಾರ ನೋಡಿ ಸೇವ್ ಮಾಡಬೇಡಿ. ಮತ್ತೊಮ್ಮೆ ಮಾಡೋಕೆ ಮನಸ್ಸೊಪ್ಪದ ಕೆಲಸ ಒಂದು ಮುಗಿದಿದ್ರೆ ಮಾಡಿ.

[ದೃಶ್ಯ: ಪೆಟ್ಟಿಗೆ ತೆರೆಯುತ್ತದೆ. ಒಳಗೆ ಶಾಟ್‌ಗನ್ ಗುಂಡುಗಳು ಸಾಲಾಗಿ.]

ಇಷ್ಟು ಕಲಿತವರು ಇನ್ನೊಂದು ತಪ್ಪು ಮಾಡ್ತಾರೆ. ನಾನು ಎರಡನೇ ಸಲ ಆಡಿದಾಗ ಅದೇ ಆಯ್ತು. ಕೂಡಿಡೋದೇ ಚಟ ಆಗಿಬಿಡುತ್ತೆ. ಪೆಟ್ಟಿಗೆ ತುಂಬಾ ಶಾಟ್‌ಗನ್ ಗುಂಡು ಇಟ್ಕೊಂಡು, ಕೈಯಲ್ಲಿ ಹ್ಯಾಂಡ್‌ಗನ್ ಹಿಡ್ಕೊಂಡು ಸಾಯ್ತಿದ್ದೆ. ಗಾರ್ಡ್‌ಹೌಸ್ ಅನ್ನೋ ಬೇರೆ ಕಟ್ಟಡದ ಕೆಲಸ ಮುಗಿಸಿ ಬಂಗಲೆಗೆ ವಾಪಸ್ ಬರ್ತೀರಲ್ಲ, ಆ ಹೊತ್ತಿಗೆ ಆಟ ಬದಲಾಗುತ್ತೆ. ಹಂಟರ್‌ಗಳು ಬರ್ತವೆ. ಹಾರಿ ಬಂದು ಕುತ್ತಿಗೆಗೇ ಕೈ ಹಾಕೋ ಪ್ರಾಣಿ ಅದು. ಗೋಡೆಗೆ ಅಂಟ್ಕೊಂಡು ದಾಟೋ ಆಟ ಅದರ ಹತ್ತಿರ ನಡೆಯಲ್ಲ. ಇಷ್ಟು ದಿನ ನೀವು ಓಡಿ ಓಡಿ ಉಳಿಸಿದ್ದು ಈ ಹೊತ್ತಿಗೆ.

ಹಾಗಾಗಿ ಬಂಗಲೆಗೆ ಕಾಲಿಡೋ ಮೊದಲೇ ಪೆಟ್ಟಿಗೆ ಹತ್ತಿರ ಹೋಗಿ. ಹ್ಯಾಂಡ್‌ಗನ್ ಒಳಗಿಡಿ, ಶಾಟ್‌ಗನ್ ಹೊರಗೆ ತೆಗೀರಿ. ಬೆರೆಸಿದ ಮೂಲಿಕೆ ಒಂದು ಇರಲಿ. ಆಮೇಲೆ ಬಾಗಿಲು ದಾಟಿ.

[ದೃಶ್ಯ: ಕ್ಯಾಮೆರಾ ನೆಲಮಟ್ಟದಲ್ಲಿ, ನಾವು ಬಂದ ದಾರಿಯಲ್ಲೇ ವೇಗವಾಗಿ ಓಡುತ್ತದೆ. ಉಸಿರಿನ ಸದ್ದು.]

ಈಗ ಪರದೆ ನೋಡಿ. ಇದು ನಿಮ್ಮ ಕಣ್ಣಲ್ಲ, ಹಂಟರ್‌ನ ಕಣ್ಣು. ನೀವು ಆಗಷ್ಟೇ ನಡೆದು ಬಂದ ದಾರಿಯಲ್ಲೇ ಬರ್ತಿದೆ. ಬಾಗಿಲ ಮುಂದೆ ನಿಂತಿತು. ಹಿಡಿ ತಿರುಗ್ತಿದೆ.

ಹತ್ತಿರ ಬರಲಿ. ಇನ್ನೂ ಸ್ವಲ್ಪ. ಈಗ ಹೊಡೀರಿ.