11 ಮಿಲಿಸೆಕೆಂಡಿನೊಳಗೆ ಒಂದು ಚಿತ್ರ

ಪರದೆಯ ಮೇಲೆ ಓಡುತ್ತಿರುವ ಈ ಗ್ರಾಫ್ ನೋಡಿ. ಒಂದೊಂದು ಚಿತ್ರ ಬಿಡಿಸಲು ಕಂಪ್ಯೂಟರ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ವಿಆರ್ (ವರ್ಚುವಲ್ ರಿಯಾಲಿಟಿ) ಆಟಗಳನ್ನು ನಡೆಸುವ ಸ್ಟೀಮ್‌ವಿಆರ್ ತಂತ್ರಾಂಶ ಇಲ್ಲಿ ತೋರಿಸುತ್ತದೆ. ಕಣ್ಣಿಗೆ ತೊಟ್ಟು ಆಡುವ ನನ್ನ ಕ್ವೆಸ್ಟ್ 2 ಹೆಡ್‌ಸೆಟ್ ಅನ್ನು 90 ಹರ್ಟ್ಸ್‌ಗೆ, ಅಂದರೆ ಸೆಕೆಂಡಿಗೆ 90 ಚಿತ್ರಗಳಿಗೆ, ಹೊಂದಿಸಿದ್ದೇನೆ. ಆ ಲೆಕ್ಕದಲ್ಲಿ ಪ್ರತಿ ಚಿತ್ರವೂ 11.1 ಮಿಲಿಸೆಕೆಂಡಿನೊಳಗೆ ಸಿದ್ಧವಾಗಬೇಕು. ನನ್ನ ಹಳೆಯ ಗ್ರಾಫಿಕ್ಸ್ ಕಾರ್ಡ್ ಜಿಟಿಎಕ್ಸ್ 1060 ಅದಕ್ಕೆ 13, ಕೆಲವೊಮ್ಮೆ 14 ತೆಗೆದುಕೊಳ್ಳುತ್ತಿದೆ.

ಮಾನಿಟರ್ ಮುಂದೆ ಕುಳಿತು ಆಡುವವರಿಗೆ ಈ ತಡ ಗೊತ್ತೂ ಆಗುವುದಿಲ್ಲ. ಹೆಡ್‌ಸೆಟ್ ತೊಟ್ಟವರ ಪಾಡು ಬೇರೆ. ಕತ್ತು ತಿರುಗಿತು ಎಂದು ಒಳಕಿವಿ ಹೇಳುತ್ತದೆ, ಇನ್ನೂ ಇಲ್ಲ ಎಂದು ಕಣ್ಣು ಹೇಳುತ್ತದೆ. ಇವೆರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಚಿತ್ರ ಸಮಯಕ್ಕೆ ಬಾರದಿದ್ದರೆ ತಂತ್ರಾಂಶವು ಹಿಂದಿನ ಚಿತ್ರವನ್ನೇ ಸ್ವಲ್ಪ ಸರಿಸಿ ತೇಪೆ ಹಾಕುತ್ತದೆ. ಆಗ ಕೈಯನ್ನು ಬೇಗ ಬೀಸಿ ನೋಡಿ: ಬೆರಳುಗಳ ಅಂಚು ನೀರಿನಲ್ಲಿ ಕಂಡಂತೆ ಅಲುಗುತ್ತದೆ.

ಕಾರ್ಡಿನ ಮೇಲೆ ಬೀಳುವ ಹೊರೆಯೂ ಸಣ್ಣದಲ್ಲ. ಒಂದೊಂದು ಕಣ್ಣಿಗೂ 1832×1920 ಪಿಕ್ಸೆಲ್‌ಗಳ ಬೇರೆ ಬೇರೆ ಚಿತ್ರ ಬೇಕು. ಹೆಡ್‌ಸೆಟ್‌ನ ಮಸೂರ ಚಿತ್ರವನ್ನು ಬಾಗಿಸುವುದರಿಂದ ಮೊದಲೇ ಅದನ್ನು ವಿರುದ್ಧ ದಿಕ್ಕಿಗೆ ಬಾಗಿಸಿ ಕಳುಹಿಸಬೇಕು. ನಡುಭಾಗ ಮಸುಕಾಗದಿರಲು ಪರದೆಗಿಂತ ದೊಡ್ಡದಾಗಿಯೇ ಬಿಡಿಸಬೇಕು. ಸಾಲದ್ದಕ್ಕೆ, ಕೇಬಲ್ ಮೂಲಕ ಹೆಡ್‌ಸೆಟ್‌ಗೆ ಹೋಗುವ ವಿಡಿಯೊವನ್ನು ಸಂಕುಚಿಸುವ ಕೆಲಸವೂ ಇದೇ ಕಾರ್ಡಿನದು.

ಹೊಸ ಕಾರ್ಡ್ ಕೊಳ್ಳುವ ಮೊದಲು ದಯವಿಟ್ಟು ಒಂದು ಪರೀಕ್ಷೆ ಮಾಡಿ. ರೆಸಲ್ಯೂಶನ್ (ಚಿತ್ರದ ಪಿಕ್ಸೆಲ್ ಸಂಖ್ಯೆ) ಅನ್ನು ಅರ್ಧಕ್ಕೆ ಇಳಿಸಿ ಅದೇ ಜಾಗದಲ್ಲಿ ನಿಂತು ಗ್ರಾಫ್ ನೋಡಿ. ಸಮಯ ಇಳಿದರೆ ತಡೆ ಇರುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ. ಕದಲದಿದ್ದರೆ ಪ್ರೊಸೆಸರ್ ಕಡೆ ನೋಡಬೇಕು. ಆಗ ಎಂಥ ಕಾರ್ಡ್ ತಂದರೂ ಪ್ರಯೋಜನವಿಲ್ಲ. ನನ್ನಲ್ಲಿ ಸಮಯ ಚೆನ್ನಾಗಿಯೇ ಇಳಿಯಿತು. ಇನ್ನು, ಕಾರ್ಡುಗಳನ್ನು ಹೋಲಿಸುವಾಗ ಸೆಕೆಂಡಿಗೆ ಬರುವ ಫ್ರೇಮ್‌ಗಳ (ಚಿತ್ರಗಳ) ಸರಾಸರಿ ಸಂಖ್ಯೆಯನ್ನು ನಾನು ನಂಬುವುದಿಲ್ಲ. ವಿಆರ್‌ನಲ್ಲಿ ತಲೆ ಸುತ್ತಿಸುವುದು ಅತಿ ನಿಧಾನವಾದ ಆ ಕೆಲವೇ ಚಿತ್ರಗಳು.

ಇದೋ ನನ್ನ ಹೊಸ ಕಾರ್ಡ್, 12 ಜಿಬಿ ಮೆಮೊರಿಯ ಆರ್‌ಟಿಎಕ್ಸ್ 4070. ಹಳೆಯದು ಬಳಸುತ್ತಿದ್ದದ್ದು 120 ವ್ಯಾಟ್, ಇದಕ್ಕೆ 200 ಬೇಕು. ಮದರ್‌ಬೋರ್ಡಿನ ಸ್ಲಾಟ್ 75 ವ್ಯಾಟ್ ಕೊಡುತ್ತದೆ, ಪವರ್ ಸಪ್ಲೈಯಿಂದ ಬರುವ 8 ಪಿನ್ನಿನ ಒಂದು ಕನೆಕ್ಟರ್ 150 ಕೊಡುತ್ತದೆ. ಅದಕ್ಕೇ ಒಂದೇ 8 ಪಿನ್ ಸಾಕಾಗುವ ಮಾದರಿಯನ್ನು ಆರಿಸಿಕೊಂಡೆ. ಪವರ್ ಸಪ್ಲೈ 650 ವ್ಯಾಟಿನದು, ಬದಲಿಸುವ ಅಗತ್ಯ ಬರಲಿಲ್ಲ. ಕಾರ್ಡ್ ಹಿಡಿಸುತ್ತದೆಯೇ ಎಂದು ನೋಡಲು ಕ್ಯಾಬಿನೆಟ್ಟಿನ ಒಳಗಿನ ಉದ್ದವನ್ನು ಮುಂಭಾಗದ ಫ್ಯಾನಿನವರೆಗೆ ಮಾತ್ರ ಅಳೆಯಿರಿ, ಹೊರತಗಡಿನವರೆಗೆ ಅಲ್ಲ.

ತಂತಿ ಕಿತ್ತು, ಪವರ್ ಬಟನ್ ಒತ್ತಿ ಉಳಿದ ವಿದ್ಯುತ್ತನ್ನು ಹರಿಯಬಿಟ್ಟಿದ್ದೇನೆ. ಎರಡು ಸ್ಕ್ರೂ ಬಿಚ್ಚಿದರೂ ಕಾರ್ಡ್ ಬರುವುದಿಲ್ಲ. ಸ್ಲಾಟಿನ ತುದಿಯಲ್ಲಿ, ಕಾರ್ಡಿನ ಅಡಿಯಲ್ಲಿ ಅಡಗಿರುವ ಈ ಪುಟ್ಟ ಪ್ಲಾಸ್ಟಿಕ್ ಕೊಂಡಿ ಕಾಣುತ್ತಿದೆಯೇ? ಇದನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಹಿಡಿದೇ ಎತ್ತಬೇಕು. ಎಳೆದಾಡಿದರೆ ಸ್ಲಾಟೇ ಕಿತ್ತುಬರಬಹುದು. ಹೊಸದನ್ನು ಕೂರಿಸಿದಾಗ ಅದೇ ಕೊಂಡಿ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಮುಂದಿನದು ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರ್, ಅದರಲ್ಲಿ ಹೇಳುವಂಥದ್ದೇನಿಲ್ಲ.

ಈಗ ಅದೇ ಆಟ, ಅದೇ ಜಾಗ. ಗ್ರಾಫ್ 5ರ ಕೆಳಗೆ ಬಂದು ನಿಂತಿದೆ! ಕೈ ಬೀಸಿದರೆ ಬೆರಳಿನ ಅಂಚು ಗೆರೆ ಎಳೆದಷ್ಟು ಸ್ಪಷ್ಟ. ರೆಸಲ್ಯೂಶನ್ ಮೆಲ್ಲಗೆ ಏರಿಸುತ್ತಾ ಹೋದೆ. ಆಟದೊಳಗೆ ಎದುರಿನ ಕಪಾಟಿನ ಬಾಟಲಿಗಳ ಮೇಲಿನ ಅಕ್ಷರಗಳನ್ನು ನಿಂತಲ್ಲಿಂದಲೇ ಓದಬಹುದು. ಗ್ರಾಫ್ ಎಂಟೂವರೆ ಮುಟ್ಟಿದ ಕೂಡಲೇ ನಿಲ್ಲಿಸಿದ್ದೇನೆ. ಹೊಗೆ, ಸ್ಫೋಟ, ಜನಜಂಗುಳಿ ಒಟ್ಟಿಗೆ ಬಂದಾಗ ಉಳಿದ ಆ ಎರಡೂವರೆ ಮಿಲಿಸೆಕೆಂಡ್ ಬೇಕೇ ಬೇಕು. 120 ಹರ್ಟ್ಸ್‌ನಲ್ಲಿ ಏಕೆ ಆಡುವುದಿಲ್ಲ ಎಂದು ನೀವು ಕೇಳಬಹುದು. ಅಲ್ಲಿ ಸಿಗುವುದು 8.3 ಮಿಲಿಸೆಕೆಂಡ್ ಮಾತ್ರ, ಇಷ್ಟು ಸ್ಪಷ್ಟತೆಯನ್ನು ಬಿಟ್ಟುಕೊಡಬೇಕಾಗುತ್ತದೆ. ತಾಳಕ್ಕೆ ತಕ್ಕಂತೆ ಕೈಬೀಸುವ ಹಗುರವಾದ ಆಟಗಳಿಗೆ ಅದನ್ನು ಇಟ್ಟುಕೊಂಡು, ಉಳಿದೆಲ್ಲವನ್ನೂ 90ರಲ್ಲೇ ಆಡುತ್ತೇನೆ.