ಕಹಿ ಸೋರೆಕಾಯಿ ಮದ್ದಲ್ಲ

ಎಲ್ಲರಿಗೂ ನಮಸ್ಕಾರ.

ಹಿರಿಯ ನಾಗರಿಕರ ಬಳಗದವರು ನನಗೆ ‘ಆಹಾರವೇ ಔಷಧ’ ಎಂಬ ವಿಷಯ ಕೊಟ್ಟಿದ್ದರು. ಅಷ್ಟು ದೊಡ್ಡ ವಿಷಯ ಒಂದು ಸಂಜೆಗೆ ಹಿಡಿಸುವುದಿಲ್ಲ, ಒಂದೇ ತರಕಾರಿಯ ಬಗ್ಗೆ ಮಾತಾಡುತ್ತೇನೆ ಎಂದೆ, ಒಪ್ಪಿದರು. ಆ ತರಕಾರಿ ಇಲ್ಲೇ ಮೇಜಿನ ಮೇಲಿದೆ. ಬೆಳಿಗ್ಗೆ ಸಂತೆಯಿಂದ ತಂದ ಸೋರೆಕಾಯಿ. ಉಗುರು ಒತ್ತಿದರೆ ಸಿಪ್ಪೆಯೊಳಗೆ ಸಲೀಸಾಗಿ ಇಳಿಯುತ್ತದೆ, ಅಂದರೆ ಎಳೆಯದು. ಮೈಮೇಲೆ ಇನ್ನೂ ನವಿರು ಕೂದಲಿದೆ. ಕೆಲವು ಕಡೆ ಇದನ್ನು ಹಾಲುಗುಂಬಳ ಎನ್ನುತ್ತಾರೆ.

ಮೊದಲೇ ಹೇಳಿಬಿಡುತ್ತೇನೆ, ನನಗೆ ಸೋರೆಕಾಯಿಯ ಮೇಲೆ ಯಾವ ಹಗೆಯೂ ಇಲ್ಲ. ನಮ್ಮ ಮನೆಯ ಹಿತ್ತಲಲ್ಲಿ ಚಪ್ಪರದ ತುಂಬ ಹಬ್ಬುತ್ತಿತ್ತು. ತಿರುಳು ಮಜ್ಜಿಗೆಹುಳಿಗೆ, ಸಿಪ್ಪೆ ಚಟ್ನಿಗೆ, ತುರಿದದ್ದು ದೋಸೆಗೆ. ಬಲಿತು ಒಣಗಿದ ಬುರುಡೆಯಲ್ಲಿ ಅಜ್ಜಿ ಬಿತ್ತನೆ ಬೀಜ ತುಂಬಿ ಅಟ್ಟದ ಮೇಲೆ ತೂಗುಹಾಕುತ್ತಿದ್ದರು. ಅಂಥದೇ ಬುರುಡೆ ಸೊಂಟಕ್ಕೆ ಕಟ್ಟಿಕೊಂಡು ಕೆರೆಯಲ್ಲಿ ಈಜು ಕಲಿತವರು ಈ ಸಭೆಯಲ್ಲೂ ಇರಬೇಕು. ಎಷ್ಟೋ ತಂಬೂರಿಗಳ ನಾದ ತುಂಬಿಕೊಳ್ಳುವುದೂ ಸೋರೆಬುರುಡೆಯಲ್ಲೇ. ಇಷ್ಟು ಉಪಕಾರಿಯಾದ ಬಳ್ಳಿ ಇನ್ನೊಂದು ಇದೆಯೋ ಇಲ್ಲವೋ.

ಈಗ ಒಬ್ಬ ರೋಗಿಯ ವಿಷಯ ಹೇಳುತ್ತೇನೆ. ಹೆಸರು, ಊರು ಬೇಡ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ ಬಹಳ ವರ್ಷಗಳಿಂದ ಇತ್ತು. ಒಂದು ದಿನ ಬೆಳಿಗ್ಗೆ ಎಂಟು ಗಂಟೆಗೆ ಅವರ ಹೆಂಡತಿ ಆಟೋದಲ್ಲಿ ಕರೆತಂದರು. ಆಟೋದಿಂದ ಇಳಿಯುವಾಗ ಕಾಲು ನಿಲ್ಲುತ್ತಿರಲಿಲ್ಲ. ಹೆಂಡತಿಯ ಕೈಯಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್, ಅದರಲ್ಲಿ ಕಾಫಿ ಗಸಟಿನ ಬಣ್ಣದ ವಾಂತಿ. ಆ ಬಣ್ಣ ಕಂಡರೆ ವೈದ್ಯರಿಗೆ ಎದೆ ಝಲ್ಲೆನ್ನುತ್ತದೆ, ಯಾಕೆಂದರೆ ಅದು ಹೊಟ್ಟೆಯೊಳಗೆ ಸೋರಿದ ರಕ್ತ. ಬಿಪಿ ನೋಡಿದರೆ ಮೇಲಿನದು 80ರ ಆಸುಪಾಸು. ಏನು ತಿಂದಿರಿ ಎಂದರೆ ಏನೂ ಇಲ್ಲ ಎಂದರು. ಕುಡಿದಿರಾ ಎಂದಾಗ ಮಾತ್ರ ಹೆಂಡತಿ ಬಾಯಿಬಿಟ್ಟರು: ‘ದಿನಾ ಸೋರೆಕಾಯಿ ಜ್ಯೂಸ್ ಕುಡೀತಾರೆ ಮೇಡಂ. ಇವತ್ತೂ ಕುಡಿದ್ರು, ಅಷ್ಟೆ.’

ಮೂರು ದಿನದ ನಂತರ ಸ್ವಲ್ಪ ಚೇತರಿಸಿಕೊಂಡ ಮೇಲೆ ಅವರೇ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ‘ಅವತ್ತಿಂದು ವಿಪರೀತ ಕಹಿ ಇತ್ತು ಡಾಕ್ಟ್ರೇ. ಕಹಿ ಇದ್ರೆ ತಾನೆ ಮದ್ದು ಅಂತ ಮೂಗು ಹಿಡ್ಕೊಂಡು ಕುಡಿದುಬಿಟ್ಟೆ.’

ನಾನು ಇವತ್ತು ಇಲ್ಲಿಗೆ ಬಂದಿರುವುದು ಈ ಒಂದು ಮಾತಿಗಾಗಿ. ಬೇವು ಕಹಿ, ಹಾಗಲಕಾಯಿ ಕಹಿ, ಕಷಾಯ ಕಹಿ. ಕಹಿಯಾದದ್ದು ಮೈಗೆ ಒಳ್ಳೆಯದು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವರು ನಾವು. ಸೋರೆಕಾಯಿಯ ಮಟ್ಟಿಗೆ ಅದು ತಿರುವುಮುರುವು. ಇದು ಸಪ್ಪೆಯಾಗಿ, ತುಸು ಸಿಹಿಯಾಗಿ ಇರಬೇಕಾದ ಕಾಯಿ. ಕಹಿ ಬಂದಿದೆ ಎಂದರೆ ವಿಷ ಬಂದಿದೆ ಎಂದೇ ಅರ್ಥ.

ಆ ವಿಷದ ಹೆಸರು ಕುಕುರ್ಬಿಟಾಸಿನ್. ಸೌತೆ, ಸೋರೆ, ಕುಂಬಳ, ಹೀರೆ ಇವೆಲ್ಲ ಒಂದೇ ಮನೆತನದ ಬಳ್ಳಿಗಳು, ಆ ಮನೆತನದ ಹೆಸರೇ ಈ ರಾಸಾಯನಿಕಕ್ಕೂ ಬಂದಿದೆ. ಕೀಟಗಳು, ದನಕರುಗಳು ತಿನ್ನದಿರಲೆಂದು ಗಿಡ ತನಗೆ ತಾನೇ ಕಟ್ಟಿಕೊಂಡ ಕಾವಲು ಅದು. ಕಾಡು ಸೋರೆಯಲ್ಲಿ ಹೇರಳವಾಗಿರುತ್ತದೆ. ನಮ್ಮ ಹಿರಿಯ ರೈತರು ತಲೆಮಾರುಗಳ ಕಾಲ ಕಹಿ ಬಿಟ್ಟ ಬಳ್ಳಿಯನ್ನು ಕಿತ್ತೆಸೆದು, ಸಿಹಿ ಬಿಟ್ಟದ್ದರ ಬೀಜ ಉಳಿಸಿಕೊಂಡು ಬಂದದ್ದರಿಂದ ಊಟದ ಸೋರೆ ನಮಗೆ ಸಿಕ್ಕಿತು. ಆದರೆ ಗಿಡ ಹಳೆಯ ಕಸುಬನ್ನು ಪೂರ್ತಿ ಮರೆತಿಲ್ಲ. ನೀರಿನ ಬರ, ವಿಪರೀತ ಬಿಸಿಲು ತಾಗಿದರೆ ಮತ್ತೆ ವಿಷ ತಯಾರಿಸಲು ತೊಡಗಬಹುದು. ಕಹಿ ತಳಿಯ ಪರಾಗ ಬಿದ್ದರೆ ಇನ್ನೊಂದು ತೊಂದರೆ. ಪರಾಗ ಬಿದ್ದ ಆ ಕಾಯಿ ಸಿಹಿಯಾಗಿಯೇ ಇರುತ್ತದೆ, ಯಾಕೆಂದರೆ ತಿರುಳು ತಾಯಿ ಬಳ್ಳಿಯದು. ಅದರ ಬೀಜ ತೆಗೆದಿಟ್ಟು ಮುಂದಿನ ವರ್ಷ ಬಿತ್ತಿದಾಗ ಬರುವ ಬಳ್ಳಿ ಕಹಿ ಬಿಡುತ್ತದೆ. ಹಿತ್ತಲಲ್ಲಿ ಸ್ವಂತ ಬೀಜದಿಂದ ಬೆಳೆಯುವವರು ಇದನ್ನು ನೆನಪಿಡಬೇಕು. ‘ನಮ್ಮನೇದು, ಔಷಧಿ ಹೊಡೆದಿಲ್ಲ’ ಎಂಬ ಭರವಸೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕಣ್ಣಿಗೆ ಏನೂ ಗೊತ್ತಾಗುವುದಿಲ್ಲ. ಒಂದೇ ಬುಟ್ಟಿಯಲ್ಲಿರುವ ಎರಡು ಕಾಯಿಗಳಲ್ಲಿ ಒಂದು ಸಿಹಿ, ಇನ್ನೊಂದು ಕಹಿ ಇರಬಹುದು. ಬಣ್ಣ, ಆಕಾರ, ವಾಸನೆ ಎಲ್ಲ ಒಂದೇ. ಕಂಡುಹಿಡಿಯುವ ಸಾಧನ ನಾಲಿಗೆ ಮಾತ್ರ.

2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿ ಹೀಗೇ ತೀರಿಕೊಂಡರು. ಓದಿದವರು, ಆರೋಗ್ಯದ ಕಾಳಜಿಯಿದ್ದವರು. ಗಂಡ ಹೆಂಡತಿ ಇಬ್ಬರೂ ಸೋರೆಕಾಯಿ ಹಾಗಲಕಾಯಿ ಬೆರೆಸಿದ ರಸ ಕುಡಿದಿದ್ದರು. ಹೆಂಡತಿ ಬದುಕಿದರು. ಇಲ್ಲಿ ಹಾಗಲಕಾಯಿ ಸೇರಿದ್ದನ್ನು ಗಮನಿಸಿ. ಲೋಟದಲ್ಲಿರುವ ಕಹಿ ಹಾಗಲದ್ದೋ ಸೋರೆಯದ್ದೋ ಎಂದು ಯಾವ ನಾಲಿಗೆ ಹೇಳೀತು? ಎಚ್ಚರಿಸಬೇಕಾದ ಒಂದೇ ಗಂಟೆಯ ಬಾಯಿಗೆ ಬಟ್ಟೆ ತುರುಕಿದಂತಾಯಿತು. ಆ ಸಾವಿನ ಬಳಿಕ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ತಜ್ಞರ ಸಮಿತಿ ಕೂರಿಸಿತು. ಸಮಿತಿಯ ವರದಿ 2012ರಲ್ಲಿ ಪ್ರಕಟವಾಯಿತು. ಅದರಲ್ಲಿ ಹೇಳಿದ್ದು ಬಹಳ ಸರಳ: ರಸ ತೆಗೆಯುವ ಮುಂಚೆ ಒಂದು ಚೂರು ರುಚಿ ನೋಡಿ, ಕಹಿಯಿದ್ದರೆ ಇಡೀ ಕಾಯಿಯನ್ನು ಎಸೆಯಿರಿ, ಬೇರೆ ಯಾವ ರಸದ ಜೊತೆಗೂ ಬೆರೆಸಬೇಡಿ, ಕುಡಿದ ಮೇಲೆ ವಾಕರಿಕೆ, ವಾಂತಿ, ಭೇದಿ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇಷ್ಟಾದರೂ 2018ರಲ್ಲಿ ಪುಣೆಯಲ್ಲಿ, ಬೆಳಗಿನ ಓಟ ಮುಗಿಸಿ ಒಂದು ಲೋಟ ಕುಡಿದ 41 ವರ್ಷದ ಹೆಣ್ಣುಮಗಳು ತೀರಿಕೊಂಡರು. ಪಾರ್ಕಿನ ಗೇಟಿನ ಹತ್ತಿರ ಕ್ಯಾನುಗಳಲ್ಲಿ ಹಸಿರು ರಸ ಮಾರುವವರನ್ನು ನೋಡಿದಾಗಲೆಲ್ಲ ನನಗೆ ಆಕೆಯ ನೆನಪಾಗುತ್ತದೆ. ಮಾರುವ ಹುಡುಗ ಕೆಟ್ಟವನಲ್ಲ. ಅವನಿಗೂ ಯಾರೂ ಹೇಳಿಲ್ಲ.

‘ಬೇಯಿಸಿದರೆ ಹೋಗುತ್ತಲ್ಲ?’ ಎಂದು ಕೇಳುತ್ತೀರಿ. ಹೋಗುವುದಿಲ್ಲ. ಈ ವಸ್ತು ಒಲೆಯ ಬಿಸಿಗೆ ಜಗ್ಗುವುದಿಲ್ಲ. ಜರ್ಮನಿಯಲ್ಲಿ 2015ರಲ್ಲಿ 79 ವರ್ಷದ ಹಿರಿಯರೊಬ್ಬರು ಹಿತ್ತಲಲ್ಲಿ ಬೆಳೆದ ಜುಕಿನಿಯನ್ನು ಬೇಯಿಸಿ ತಿಂದು ಸತ್ತರು. ಅದೂ ಇದೇ ಮನೆತನದ ಕಾಯಿ, ಅದೇ ವಿಷ. ಹೆಂಡತಿ ಕಹಿ ಎಂದು ಸ್ವಲ್ಪವೇ ತಿಂದಿದ್ದರಿಂದ ಉಳಿದರು. ಸೌತೆಕಾಯಿಯ ತುದಿ ಕತ್ತರಿಸಿ ಉಜ್ಜಿ ನೊರೆ ತೆಗೆಯುತ್ತೇವಲ್ಲ, ಉಪ್ಪುನೀರಲ್ಲಿ ನೆನೆಹಾಕುತ್ತೇವಲ್ಲ, ಆ ಉಪಾಯಗಳನ್ನು ಕಹಿ ಸೋರೆಯ ಮೇಲೆ ನಂಬಬೇಡಿ.

ಹಾಗಾದರೆ ಜನ ಇದನ್ನು ಯಾಕೆ ಕುಡಿಯುತ್ತಾರೆ? ನಿಮ್ಮ ಫೋನುಗಳಲ್ಲಿ ಆ ಸಂದೇಶ ಇದ್ದೇ ಇರುತ್ತದೆ. ವಾಗ್ಭಟ ಋಷಿಗಳು ಹೇಳಿದ್ದಾರಂತೆ, ರಕ್ತದಲ್ಲಿ ಆಮ್ಲ ಹೆಚ್ಚಾದಾಗ ಹೃದಯದ ನಾಳ ಕಟ್ಟುತ್ತದಂತೆ, ಸೋರೆಕಾಯಿ ಕ್ಷಾರವಾದ್ದರಿಂದ ಎರಡು ಮೂರು ತಿಂಗಳು ಕುಡಿದರೆ ಬ್ಲಾಕೇಜ್ ಕರಗುತ್ತದಂತೆ, ಆಪರೇಷನ್ನೇ ಬೇಡವಂತೆ. ಈ ‘ಅಂತೆ’ಗಳನ್ನು ನಂಬಿ ಸ್ಟೆಂಟ್ ಹಾಕಿಸಿಕೊಂಡವರೂ ಮಾತ್ರೆ ನಿಲ್ಲಿಸಿದ್ದಾರೆ. ಅದು ನನಗೆ ವಿಷದಷ್ಟೇ ಭಯ ಹುಟ್ಟಿಸುತ್ತದೆ.

ನಮ್ಮ ರಕ್ತದ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 7.35ರಿಂದ 7.45ರ ನಡುವೆ ಇರುತ್ತದೆ. ಶ್ವಾಸಕೋಶ ಮತ್ತು ಮೂತ್ರಪಿಂಡ ಹಗಲು ರಾತ್ರಿ ಅದನ್ನು ಕಾಯುತ್ತವೆ. ನೀವು ಏನೇ ಕುಡಿದರೂ ಅದು ಮೊದಲು ಜಠರದ ಕಟು ಆಮ್ಲದ ಮಡುವಿನಲ್ಲಿ ಮುಳುಗಿಯೇ ಮುಂದೆ ಹೋಗಬೇಕು. ಸೋರೆ ರಸದಿಂದ ರಕ್ತದ ಕ್ಷಾರ ಹೆಚ್ಚುವುದಿಲ್ಲ, ಹೆಚ್ಚಬಾರದು ಕೂಡ, ಹಾಗೇನಾದರೂ ಹೆಚ್ಚಿದರೆ ಅದೇ ಒಂದು ಕಾಯಿಲೆ. ಇನ್ನು ಹೃದಯದ ನಾಳದಲ್ಲಿ ಕಟ್ಟುವುದು ಪಾತ್ರೆ ತೊಳೆಯುವ ಸಿಂಕಿನ ಪೈಪಿನ ಜಿಡ್ಡಿನಂತೆ ಒಳಗೆ ಮೆತ್ತಿಕೊಂಡ ಕೊಳೆಯಲ್ಲ. ಕೊಬ್ಬು, ನಾರು, ಸುಣ್ಣ ಎಲ್ಲ ಸೇರಿ ನಾಳದ ಗೋಡೆಯ ಒಳಗೇ ವರ್ಷಗಟ್ಟಲೆ ಬೆಳೆದ ಗಂಟು ಅದು. ಯಾವ ತರಕಾರಿಯ ರಸವೂ ಅದನ್ನು ತೊಳೆದು ತೆಗೆದುಕೊಂಡು ಹೋಗಲಾರದು.

ತೂಕ ಇಳಿಯುತ್ತದೆ ಎಂಬುದರಲ್ಲಿ ಸ್ವಲ್ಪ ನಿಜವಿದೆ, ಆದರೆ ಅದು ಪವಾಡವಲ್ಲ. 100 ಗ್ರಾಂ ಸೋರೆಕಾಯಿಯಲ್ಲಿ ಸುಮಾರು 95 ಗ್ರಾಂ ಬರೀ ನೀರು, ಸಿಗುವ ಶಕ್ತಿ 15 ಕ್ಯಾಲೊರಿ ಕೂಡ ಇಲ್ಲ. ಎರಡು ಚಪಾತಿಯ ಜಾಗದಲ್ಲಿ ಒಂದು ಬಟ್ಟಲು ಸೋರೆ ಪಲ್ಯ ತಿಂದರೆ ತೂಕ ಇಳಿಯದೆ ಏನು ಮಾಡೀತು? ಆದರೆ ರಸ ಹಿಂಡಿ ಸೋಸಿದಾಗ ನೀವು ತಿಪ್ಪೆಗೆ ಎಸೆಯುವುದು ನಾರನ್ನು. ಸಕ್ಕರೆ ಕಾಯಿಲೆಯವರಿಗೆ ಬೇಕಾದದ್ದೇ ಆ ನಾರು.

ಇದು ನಮ್ಮ ಪರಂಪರೆ, ನಿಮ್ಮ ಇಂಗ್ಲಿಷ್ ವೈದ್ಯಕ್ಕೆ ಏನು ಗೊತ್ತು ಎನ್ನುವವರು ಇದ್ದಾರೆ. ಅವರೊಡನೆ ನನಗೆ ಜಗಳವಿಲ್ಲ, ಪರಂಪರೆಯನ್ನೇ ಕೇಳೋಣ ಎನ್ನುತ್ತೇನೆ. ಚರಕ ಸಂಹಿತೆಯ ಕಲ್ಪಸ್ಥಾನದಲ್ಲಿ 3ನೇ ಅಧ್ಯಾಯದ ಹೆಸರು ಇಕ್ಷ್ವಾಕು ಕಲ್ಪ. ಇಕ್ಷ್ವಾಕು ಎಂದರೆ ಅಲ್ಲಿ ಅರಸನಲ್ಲ, ಕಹಿ ಸೋರೆ. ಅದನ್ನು ಅಲ್ಲಿ ಹೇಳಿರುವುದು ವಮನಕ್ಕೆ, ಅಂದರೆ ವಾಂತಿ ಮಾಡಿಸುವುದಕ್ಕೆ. ವೈದ್ಯ ಪಕ್ಕದಲ್ಲಿ ಕೂತು, ರೋಗಿಯ ಬಲಾಬಲ ನೋಡಿ, ಅಳತೆ ಮಾಡಿ ಕೊಡುವ ದ್ರವ್ಯ ಅದು. ಕಹಿ ಸೋರೆ ಏನು ಮಾಡುತ್ತದೆ ಎಂದು ನಮ್ಮ ಹಳಬರಿಗೆ ಚೆನ್ನಾಗಿ ಗೊತ್ತಿತ್ತು. ಅದನ್ನು ಖಾಲಿ ಹೊಟ್ಟೆಗೆ ಲೋಟಗಟ್ಟಲೆ ಕುಡಿದು ವಾಕಿಂಗ್ ಹೋಗಿ ಎಂದು ಅವರು ಹೇಳಲಿಲ್ಲ.

ಗೊತ್ತಿದ್ದದ್ದು ಗ್ರಂಥ ಓದಿದವರಿಗಷ್ಟೇ ಅಲ್ಲ. ನನ್ನ ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಈಳಿಗೆಮಣೆ ಮೇಲೆ ಸೋರೆಕಾಯಿ ಎರಡು ಹೋಳು ಮಾಡಿದ ಕೂಡಲೇ ಒಂದು ಚೂರು ನಾಲಿಗೆಗೆ ತಾಗಿಸಿ, ಒಂದು ಕ್ಷಣ ಸುಮ್ಮನಿದ್ದು, ‘ಥೂ’ ಎಂದು ಹಿತ್ತಲಿಗೆ ಉಗಿದು, ಆಮೇಲೆ ಹೆಚ್ಚುತ್ತಿದ್ದರು. ಸಿಹಿಯಿದ್ದರೂ ಉಗಿಯುತ್ತಿದ್ದರು. ಕಹಿ ಬಂದ ದಿನ ಇಡೀ ಕಾಯಿ ಗೊಬ್ಬರದ ಗುಂಡಿಗೆ, ದನಕ್ಕೂ ಹಾಕುತ್ತಿರಲಿಲ್ಲ. ಹೀಗೆ ನೋಡಿ. (ಇಲ್ಲಿ ಕಾಯಿ ಕತ್ತರಿಸಿ ತೋರಿಸಿದ್ದು.) ತೊಟ್ಟಿನ ಕಡೆಯಿಂದ ಒಂದು ಚೂರು, ಇನ್ನೊಂದು ತುದಿಯಿಂದ ಒಂದು ಚೂರು. ನುಂಗಬೇಕಿಲ್ಲ, ತಾಗಿಸಿ ಉಗಿಯಿರಿ. ಇದು ಸಪ್ಪೆಯಾಗಿದೆ, ಸಾರಿಗೆ ಆಗುತ್ತದೆ. ಮಿಕ್ಸಿ ಬಂದ ಮೇಲೆ, ಅದಕ್ಕಿಂತ ಹೆಚ್ಚಾಗಿ ಬೇರೆಯವರು ಹಿಂಡಿದ ರಸ ಕೊಂಡು ಕುಡಿಯುವುದು ಬಂದ ಮೇಲೆ, ಈ ಎರಡು ಸೆಕೆಂಡಿನ ಕೆಲಸ ಕೈಬಿಟ್ಟು ಹೋಯಿತು.

ಇನ್ನೊಂದು ಮಾತು, ಈ ಸಭೆಗೆಂದೇ ಹೇಳುವುದು. ವಯಸ್ಸಾದಂತೆ ನಾಲಿಗೆಯ ರುಚಿ ಮಂಕಾಗುತ್ತದೆ. ನೆಗಡಿಯಿದ್ದರಂತೂ ಕೇಳುವುದೇ ಬೇಡ. ನಿಮಗೆ ಅನುಮಾನವಿದ್ದರೆ ಮಗಳ ಕೈಲೋ ಸೊಸೆಯ ಕೈಲೋ ಒಂದು ಚೂರು ನೋಡಿಸಿ. ಅದರಲ್ಲಿ ಸಂಕೋಚ ಏನಿದೆ?

ಯಾರಾದರೂ ಕುಡಿದುಬಿಟ್ಟರೆ ಮನೆಯಲ್ಲಿ ಮಜ್ಜಿಗೆ, ನಿಂಬೆರಸ ಕೊಡುತ್ತ ಕಾಯಬೇಡಿ. ಈ ವಿಷಕ್ಕೆ ಪ್ರತಿವಿಷವಿಲ್ಲ. ಆಸ್ಪತ್ರೆಯಲ್ಲಿ ಮಾಡುವುದು ಡ್ರಿಪ್ ಹಾಕಿ ಬಿಪಿ ಎತ್ತುವುದು, ಹೊಟ್ಟೆಯ ರಕ್ತಸ್ರಾವ ನಿಲ್ಲಿಸುವುದು, ಕಾಯುವುದು. ಹಾಗಾಗಿ ಪ್ರತಿ ನಿಮಿಷಕ್ಕೂ ಬೆಲೆಯಿದೆ. ಉಳಿದ ರಸ ಇದ್ದರೆ ಒಂದು ಬಾಟಲಿಯಲ್ಲಿ ಜೊತೆಗೆ ತನ್ನಿ. ಡ್ಯೂಟಿ ಡಾಕ್ಟರಿಗೆ ‘ಸೋರೆಕಾಯಿ ರಸ, ಕಹಿ ಇತ್ತು’ ಎಂದು ಮೊದಲೇ ಹೇಳಿ. ತರಕಾರಿ ತಾನೆ ಎಂದು ಯಾರಿಗೂ ಹೊಳೆಯುವುದಿಲ್ಲ. ನನಗೂ ಆ ದಿನ ಮೊದಲು ಹೊಳೆದಿರಲಿಲ್ಲ, ಹಳಸಿದ ಊಟವಿರಬೇಕು ಎಂದುಕೊಂಡಿದ್ದೆ.

ಸಭೆ ಶುರುವಾಗುವ ಮುಂಚೆ ಮುಂದಿನ ಸಾಲಿನ ಹಿರಿಯರೊಬ್ಬರು ನನ್ನನ್ನು ಕೇಳಿದರು: ‘ನಾನು ಎರಡು ವರ್ಷದಿಂದ ಕುಡೀತಿದೀನಮ್ಮ, ಏನೂ ಆಗಿಲ್ಲ. ಬಿಡಬೇಕಾ?’ ಸರ್, ನೀವು ಎರಡು ವರ್ಷ ಕುಡಿದದ್ದು ಸಿಹಿ ಕಾಯಿಗಳ ರಸ. ಅದರಿಂದ ಕೇಡೇನೂ ಆಗಿಲ್ಲ. ದೆಹಲಿಯ ಆ ದಂಪತಿಯೂ ವರ್ಷಗಳಿಂದ ಕುಡಿಯುತ್ತಿದ್ದವರೇ. ನಿನ್ನೆಯ ಕಾಯಿ ಇವತ್ತಿನ ಕಾಯಿಗೆ ಜಾಮೀನು ನಿಲ್ಲುವುದಿಲ್ಲ. ನಾಳೆ ಬೆಳಿಗ್ಗೆ ಅದೇ ಸೋರೆಕಾಯಿಯನ್ನು ರುಚಿ ನೋಡಿ, ಸಿಹಿಯಿದ್ದರೆ ಅಮ್ಮನವರ ಕೈಗೆ ಕೊಟ್ಟು ಮಜ್ಜಿಗೆಹುಳಿ ಮಾಡಿಸಿಕೊಳ್ಳಿ. ಬಿಪಿ ಮಾತ್ರೆ ಮಾತ್ರ ನಿಲ್ಲಿಸಬೇಡಿ.